ಬೆವರಿದ ನೆಲ

"ನೆಲ ಬೆವರೈತಿ ನೋಡ್ರಿ ಸಾವಕಾರ್ರ," ಎಂದ ಹನಮಪ್ಪ, ಮೊಣಕಾಲೂರಿ ಕೂತಲ್ಲಿಂದಲೇ.

"ಏನಲೇ ಹಂಗಂದ್ರ? ಈ ಬಿಸಲಾಗ ನಾ ಬೆವರಾಕತ್ತೇನಿ, ನೀ ಬೆವರಾಕತ್ತಿ. ನೆಲಕ್ಕೇನು ಧಾಡಿ ಆಗೇತಿ?"

ಸಿದ್ದಲಿಂಗೇಶನ ದನಿ ಖಾಲಿ ಪಡಸಾಲೆಯ ಗೋಡೆಗಳಿಗೆ ಬಡಿದು ವಾಪಸು ಬಂತು. ಲಕ್ಷ್ಮೇಶ್ವರದ ಪೇಟೆಯಲ್ಲಿ ಶೇಂಗಾ ವ್ಯಾಪಾರ ಮಾಡುವ ಈ ಸಾವಕಾರನಿಗೆ ಹುಬ್ಬಳ್ಳಿಯ ಯಾವುದೋ ಹೋಟೆಲಿನಲ್ಲಿ ಕಟ್ಟಿಗೆಯ ನೆಲ ಕಂಡು ಮನಸ್ಸು ಕೆಟ್ಟಿತ್ತು. ಅಜ್ಜನ ಕಾಲದ ಪರಸಿಕಲ್ಲು ಕಿತ್ತೆಸೆದು, ಕಾಂಕ್ರೀಟು ಹಾಕಿಸಿ, ಅದರ ಮೇಲೆ ಸಾಗವಾನಿ ಹಲಗೆ ಅಂಟಿಸುವ ಹುಕಿ. ಭಾನುವಾರ ಮಗಳು ಸ್ನೇಹಾಳನ್ನು ನೋಡಲು ಗದಗಿನಿಂದ ಜನ ಬರುವವರಿದ್ದರು. ಅಷ್ಟರೊಳಗೆ ನೆಲ ಮಿಂಚಬೇಕಿತ್ತು.

ಬಾಗಿಲಲ್ಲಿ ನಿಂತಿದ್ದ ನೀಲಗಂಗವ್ವ ಚಪ್ಪಲಿ ಬಿಟ್ಟು ಒಳಗೆ ಬಂದಳು. ಪೊಲೀಸ್ ಇಲಾಖೆಯಿಂದ ನಿವೃತ್ತಳಾಗಿ, ಬೆಟಗೇರಿಯ ತನ್ನ ಮನೆಯ ಮುಂದಿನ ಖೋಲಿಯಲ್ಲಿ ಪತ್ತೇದಾರಿಕೆ ಶುರು ಮಾಡಿದ್ದ ಹೆಂಗಸು. ಮೊಣಕಾಲು ನೋವು ಬೇಕಾದಷ್ಟಿತ್ತು. ಆದರೆ ಕುತೂಹಲ ಕೆರಳಿದಾಗ ಆ ನೋವನ್ನು ಆಕೆ ಎಂದೂ ಮಾತಾಡಗೊಟ್ಟವಳಲ್ಲ.

"ಎಲ್ಲಿ, ನನಗೂ ತೋರಸಪಾ ಆ ಬೆವರು," ಎನ್ನುತ್ತ ಹನಮಪ್ಪನ ಪಕ್ಕದಲ್ಲೇ ಕುಕ್ಕರಿಸಿದಳು.

ಹಲಗೆ ಹಚ್ಚಲು ಹೊಸದಾಗಿ ಬಂದಿದ್ದ ಹನಮಪ್ಪ ಹಿಂದಿನ ಸಂಜೆ ಪಡಸಾಲೆಯ ಅಲ್ಲಲ್ಲಿ ಮೊಳದಗಲದ ಪ್ಲಾಸ್ಟಿಕ್ ಹಾಳೆ ಹಾಸಿ, ಅಂಚುಗಳಿಗೆಲ್ಲ ಟೇಪು ಬಿಗಿದು ಹೋಗಿದ್ದ. ಹಲಗೆ ಅಂಟಿಸುವ ಮುಂಚೆ ಮಾಡಲೇಬೇಕಾದ ಪರೀಕ್ಷೆ ಅದು. ಕಾಂಕ್ರೀಟಿನ ಹೊಟ್ಟೆಯಲ್ಲಿ ನೀರಿದ್ದರೆ ಮೇಲಕ್ಕೇರಿ ಹಾಳೆಯ ಒಳಮೈಗೆ ಹನಿಗಟ್ಟುತ್ತದೆ. ಅಂಥ ನೆಲಕ್ಕೆ ಅಂಟು ಹಿಡಿಯುವುದಿಲ್ಲ. ಹಿಡಿದರೂ ಹಲಗೆ ನೀರು ಕುಡಿದು ಉಬ್ಬಿ, ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಏಳುತ್ತದೆ.

ಹಾಳೆಗಳೆಲ್ಲ ಗರಿಗರಿಯಾಗಿ ಒಣಗಿದ್ದವು. ದೇವರಕೋಣೆಯ ಗೋಡೆಗೆ ಹತ್ತಿದ್ದ ಒಂದೇ ಒಂದು ಹಾಳೆಯ ಒಳಗೆ ಮಾತ್ರ ಹನಿಗಳು ದಟ್ಟವಾಗಿ ಕೂತಿದ್ದವು.

"ಉಳಿದದ್ದೆಲ್ಲ ಬ್ಯಾಸಿಗಿ ಬಿಸಲಿಗೆ ಒಣಗಿ ಕಲ್ಲಾಗೇತ್ರಿ ಅಕ್ಕಾರ," ಎಂದ ಹನಮಪ್ಪ. "ಇದೊಂದು ತುಂಡು ಹಸಿ. ಅಂದ್ರ ಇದು ಹಳೇ ಕಾಂಕ್ರೀಟಲ್ಲ. ಮೊನ್ನೆ ಮೊನ್ನೆ ಯಾರೋ ಅಗದು, ತಿರುಗಿ ತುಂಬ್ಯಾರ."

ನೀಲಗಂಗವ್ವನ ಕಿವಿ ನೆಟ್ಟಗಾದವು.

ಮಂಗಳವಾರ ಮುಂಜಾನೆ ಇದೇ ಗೋಡೆಯಾಚೆಯ ದೇವರಕೋಣೆಯಿಂದ ಸಿದ್ದಲಿಂಗೇಶನ ತೀರಿಕೊಂಡ ತಂದೆಯ, ಇಷ್ಟಲಿಂಗ ಇಡುವ ಬಂಗಾರದ ಕರಡಿಗೆ ಕಳುವಾಗಿತ್ತು. ಮುಂಚೆ ಈ ನೆಲದ ಕೆಲಸ ಹಿಡಿದಿದ್ದ ವಸೀಮ, ಸೋಮವಾರವೆಲ್ಲ ಮನೆಯಲ್ಲಿ ಒಬ್ಬನೇ ಇದ್ದ ಕಾರಣಕ್ಕೆ, ನಿನ್ನೆ ಠಾಣೆ ಸೇರಿದ್ದ. ಇವತ್ತು ಮಧ್ಯಾಹ್ನ ಅವನನ್ನು ಕೋರ್ಟಿಗೆ ಹಾಜರುಪಡಿಸುವವರಿದ್ದರು. ನೀಲಗಂಗವ್ವನನ್ನು ಕರೆತಂದಿದ್ದ ಅವನ ಹೆಂಡತಿ ಯಾಸ್ಮೀನ ಅಂಗಳದ ಬೇವಿನ ಗಿಡದ ಕೆಳಗೆ ನಿಂತಿದ್ದಳು. ಒಳಗೆ ಬಾ ಎಂದು ಯಾರೂ ಕರೆದಿರಲಿಲ್ಲ.

"ಇರಲಿ ಬಿಡೋ ಮಾರಾಯಾ," ಎಂದ ಸಿದ್ದಲಿಂಗೇಶ. "ನೋಡಾಕ ಬಂದವರು ನೆಲದ ಮ್ಯಾಲೆ ಮಕಾಡಿ ಮಲಗಿ ತಪಾಸ ಮಾಡ್ತಾರೇನು? ಹಚ್ಚು ಗಮ್ಮು."

"ಹಚ್ಚಂಗಿಲ್ರಿ. ನಾಳೆ ಹಲಗಿ ಎದ್ರ, 'ಹನಮಪ್ಪ ಹಚ್ಚಿದ್ದು' ಅಂತ ಮಂದಿ ಆಡಿಕೋತಾರ. ನಿಮ್ಮ ಹೆಸರು ಯಾರೂ ಹೇಳೂದಿಲ್ಲ."

"ರೊಕ್ಕ ಕೊಡಾಂವ ನಾನು!"

"ಬೈಸಿಕೊಳ್ಳಾಂವ ನಾನಲ್ರಿ!"

ಇಬ್ಬರೂ ಜಗಳ ಮುಂದುವರಿಸುತ್ತ ಹಲಗೆಗಳನ್ನು ಒಟ್ಟಿದ್ದ ಅಂಗಳಕ್ಕೆ ಹೋದರು. ನೀಲಗಂಗವ್ವನಿಗೆ ಬೇಕಾದದ್ದೂ ಅದೇ. ಒಮ್ಮೆ ಆ ಹಲಗೆ ಅಂಟಿಕೊಂಡಿತೋ, ಅಷ್ಟು ದುಬಾರಿ ನೆಲವನ್ನು ಒಬ್ಬ ಕೂಲಿಯವನ ಸಲುವಾಗಿ ಯಾವ ಸಾವಕಾರನೂ ಒಡೆಸುವುದಿಲ್ಲ ಎಂಬುದು ಆಕೆಗೆ ಚೆನ್ನಾಗಿ ಗೊತ್ತಿತ್ತು.

ಹಾಳೆ ಸುಲಿದು ತೆಗೆದಳು. ಅಂಗೈ ಇಟ್ಟು ನೋಡಿದಳು. ತಂಪು. ಬಣ್ಣದಲ್ಲಿ ಕೂದಲೆಳೆಯ ವ್ಯತ್ಯಾಸ, ಅದೂ ಹುಡುಕಿದವರಿಗೆ ಮಾತ್ರ ಕಾಣುವಂಥದ್ದು. ಹನಮಪ್ಪ ಬಿಟ್ಟುಹೋದ ಉದ್ದನೆಯ ಅಲ್ಯೂಮಿನಿಯಂ ಪಟ್ಟಿಯನ್ನು ಅದರ ಮೇಲೆ ನಿಲ್ಲಿಸಿ, ಕೆನ್ನೆ ನೆಲಕ್ಕೆ ಹಚ್ಚಿ ದಿಟ್ಟಿಸಿದಳು. ಪಟ್ಟಿಯ ಕೆಳಗೆ ಬೆಳಕು ಎಲ್ಲೂ ಇಣುಕಲಿಲ್ಲ. ಉಬ್ಬಿಲ್ಲ, ತಗ್ಗಿಲ್ಲ. ತುಂಬಿದ್ದಷ್ಟೇ ಅಲ್ಲ, ತುಂಬಿದ ಮೇಲೆ ಉಜ್ಜಿ, ಧೂಳು ತೆಗೆದು, ಸುತ್ತಲಿನ ನೆಲಕ್ಕೆ ಮಟ್ಟ ಕೂಡಿಸಿದ್ದರು.

ಗಡಿಬಿಡಿಯ ಕಳ್ಳನೊಬ್ಬ ಕುಣಿ ತೋಡಿ ಮುಚ್ಚಿದ್ದರೆ ಅದು ಹುಣ್ಣಿನ ಹಾಗೆ ಎದ್ದು ಕಾಣಬೇಕಿತ್ತು. ಇದು ಪಳಗಿದ ಕೈ. ಹನಮಪ್ಪ ಬರುವ ಮುಂಚೆ ಈ ಮನೆಯಲ್ಲಿ ಕೆಲಸ ಮಾಡಿದ ಪಳಗಿದ ಕೈ ಒಂದೇ, ವಸೀಮನದು.

ಯಾಸ್ಮೀನ ನಿನ್ನೆ ಹೇಳಿದ ಮಾತೂ ಈಗ ನೆನಪಾಗಿ ಚುಚ್ಚಿತು. ಹೋದ ಭಾನುವಾರ ವಸೀಮ ಫೋನಿನಲ್ಲಿ, ನೆಲ ತಯಾರಾಗಿದೆ, ಮಂಗಳವಾರ ಅಂಟು ಹಚ್ಚುತ್ತೇನೆ ಎಂದಿದ್ದನಂತೆ. ಸೋಮವಾರ ಸಂಜೆ ಮಾತು ಬದಲಿಸಿ, ನೆಲ ಇನ್ನೂ ಹಸಿ, ವಾರಗಟ್ಟಲೆ ತಡೆಯಬೇಕು ಎಂದನಂತೆ. ಗಂಡನ ನಿಯತ್ತಿಗೆ ಸಾಕ್ಷಿ ಎಂದು ಆ ಪಾಪದ ಹುಡುಗಿ ಇದನ್ನು ಹೇಳಿಕೊಂಡಿದ್ದಳು.

"ಅಯ್ಯ ಶಿವನ, ಇದೇನು ಗಂಟುಬಿತ್ತು ನನಗ," ಎಂದು ನೀಲಗಂಗವ್ವ ತನ್ನಷ್ಟಕ್ಕೆ ಗೊಣಗಿಕೊಂಡಳು.

ಅಷ್ಟರಲ್ಲಿ ಶೈಲಾ ಚಹಾ ತಂದಳು. ಸಿದ್ದಲಿಂಗೇಶನ ಅಣ್ಣ ಮುತ್ತಣ್ಣನ ಹೆಂಡತಿ. ಹಲವು ವರ್ಷಗಳ ಹಿಂದೆ ಮುತ್ತಣ್ಣ ಮುಂಡರಗಿಯ ಕಡೆ ತುಂಗಭದ್ರೆಯಲ್ಲಿ ಜಳಕಕ್ಕೆ ಇಳಿದವನು ಮೇಲೆ ಬರಲಿಲ್ಲ. ದಂಡೆಯ ಮೇಲೆ ಧೋತರ ಸಿಕ್ಕಿತು, ಹೆಣ ಸಿಗಲಿಲ್ಲ. ಹೆಣ ನೋಡದೆ ಬಳೆ ತೆಗೆಯುವುದಿಲ್ಲ ಎಂದು ಶೈಲಾ ಹಟ ಹಿಡಿದಿದ್ದಳು. ಹಸಿರು ಬಳೆ ಇವತ್ತಿಗೂ ಕೈಯಲ್ಲಿದ್ದವು. ಓಣಿಯವರು ಆಡಿಕೊಂಡು ಆಡಿಕೊಂಡು ಸಾಕಾಗಿ ಬಿಟ್ಟಿದ್ದರು.

ಶೈಲಾ ಅಡಿಗೆಮನೆಯಿಂದ ನೆಟ್ಟಗೆ ಬಂದಳು. ದೇವರಕೋಣೆಯ ಗೋಡೆ ಹತ್ತಿರವಾದಾಗ ಹೆಜ್ಜೆ ಹೊರಳಿತು. ಆ ಹಸಿ ತುಂಡನ್ನು ಬಳಸಿಕೊಂಡು, ಸೆರಗು ಕೂಡ ತಾಗದಂತೆ ಎತ್ತಿ ಹಿಡಿದು, ಈಚೆ ಬಂದು ಕಪ್ಪು ಕೊಟ್ಟಳು. ವಾಪಸು ಹೋಗುವಾಗಲೂ ಅದೇ ಬಳಸು ದಾರಿ.

ಹಾಳೆ ಆಗಲೇ ತೆಗೆದಾಗಿತ್ತು. ಬರಿಗಣ್ಣಿಗೆ ಅಲ್ಲಿ ಏನೂ ಇರಲಿಲ್ಲ.

"ಶೈಲವ್ವಾ, ಚಾ ಭಾಳ ಛಲೋ ಆಗೇತಿ," ಎಂದಳು ನೀಲಗಂಗವ್ವ. "ಜರಾ ಬಾ ಇಲ್ಲಿ. ಇಲ್ಲಿ ನಿಂದ್ರು ನೋಡೂಣು."

ಅವಳು ತೋರಿಸಿದ್ದು ಹಸಿ ತುಂಡನ್ನು. ಶೈಲಾ ನಿಂತಲ್ಲೇ ನಿಂತಳು.

"ಯಾಕ್ರಿ ಅಕ್ಕಾರ?"

"ಸುಮ್ನ. ನೆಲ ಗಟ್ಟಿ ಐತೋ ಇಲ್ಲೋ ಅಂತ. ಬ್ಯಾಡಾದ್ರ ಬಿಡು, ನಾನ ನಿಂದರ್ತೇನಿ."

ನೀಲಗಂಗವ್ವ ಗೋಡೆ ಹಿಡಿದು ಎದ್ದು ಕಾಲೆತ್ತಿದಳು. ಕಾಲು ಇಳಿಯುವ ಮುಂಚೆಯೇ ಶೈಲಾ ಓಡಿ ಬಂದು ಎರಡೂ ಕೈಯಿಂದ ಆಕೆಯ ತೋಳು ಹಿಡಿದಳು.

"ತುಳೀಬ್ಯಾಡ್ರಿ! ನಿಮ್ಮ ಕಾಲಿಗೆ ಬೀಳ್ತೇನಿ, ತುಳೀಬ್ಯಾಡ್ರಿ!"

ನಿಜ ಹೇಳಬೇಕೆಂದರೆ ಕಾಲು ಇಳಿಸುವ ಮನಸ್ಸು ನೀಲಗಂಗವ್ವನಿಗೂ ಇರಲಿಲ್ಲ. ಆಕೆಯ ಕೊರಳಲ್ಲೂ ಲಿಂಗವಿತ್ತು. ಆಕೆ ಹಗುರಾಗಿ ಶೈಲಾಳ ಕೈ ಬಿಡಿಸಿದಳು.

"ಬರೇ ಬಂಗಾರ ಇದ್ದಿದ್ರ ನೀ ಇಷ್ಟು ಹೆದರತಿದ್ದಿಲ್ಲ ತಂಗಿ. ಬಂಗಾರ ತುಳದ್ರ ಏನು ಹೋಗತೈತಿ? ಇದರ ಕೆಳಗ ಲಿಂಗ ಐತಿ. ಹೌದೋ ಅಲ್ಲೋ?"

"ಏನೈತೋ ನನಗ ಗೊತ್ತಿಲ್ರಿ, ಶಿವನಾಣಿ."

"ಕರಡಿಗಿ ಖಾಲಿ ಇತ್ತು ಅಂತ ನಿನ್ನ ಮೈದುನ ಕಂಪ್ಲೇಂಟ್ ಕೊಟ್ಟಾನ. ನಿಮ್ಮ ಮಾವಾರ ಲಿಂಗ ಅವರ ಅಂಗೈಯಾಗ ಇಟ್ಟ ಮಣ್ಣು ಮಾಡೀರಿ. ಅದು ಊರಿಗೇ ಗೊತ್ತು. ಮತ್ತ ನೀ ಯಾಕ ಬಳಸಿ ಅಡ್ಡಾಡತಿ?"

ಶೈಲಾಳ ಕಣ್ಣು ತುಂಬಿದವು. ಅಂಗಳದ ಕಡೆ ಒಮ್ಮೆ ನೋಡಿ ದನಿ ಇಳಿಸಿದಳು.

"ಸೋಮವಾರ ನಾವೆಲ್ಲ ಶಿರಹಟ್ಟಿಗೆ ಲಗ್ನಕ್ಕ ಹೋಗಿದ್ವಿರಿ. ಸಂಜಿಗೆ ಬಂದಾಗ ವಸೀಮ ಕೈ ತೊಳಕೋಳಾಕತ್ತಿದ್ದ. 'ಯವ್ವಾರ, ಆ ಗೋಡಿ ಹತ್ರ ಕಾಲಿಡಬ್ಯಾಡ್ರಿ, ಅಲ್ಲಿ ನಿಮ್ಮ ದೇವರು ಅದಾನ' ಅಂದ. ಮನಿ ಕಟ್ಟೋ ಗೌಂಡೇರು ನವಧಾನ್ಯ ಇಡತಾರಲ್ಲ, ಹಂಗ ಏನೋ ಇಟ್ಟಿರಬೇಕು ಅನಕೊಂಡೆ. ಮರದಿನ ಕರಡಿಗಿ ಇಲ್ಲಂತ ಗದ್ದಲ ಆತು. ಎದಿ ಝಲ್ ಅಂತು."

"ಮತ್ತ ಯಾಕ ಬಾಯಿ ಬಿಡಲಿಲ್ಲ?"

"ಬಿಟ್ರ ಏನಾಗತಿತ್ರಿ? ನೆಲ ಅಗೀತಿದ್ರು. ಕರಡಿಗಿ ಸಿಗತಿತ್ತು. ಅವನ್ನ ಖರೇನ ಕಳ್ಳ ಅಂತಿದ್ರು. ಅಂವ ಕಳ್ಳಲ್ರಿ ಅಕ್ಕಾರ. ಕಳ್ಳಾದಾಂವ ಇಲ್ಲಿ ಕಾಲಿಡಬ್ಯಾಡ ಅಂತ ಯಾರಿಗರೆ ಹೇಳತಾನೇನು?"

ನೀಲಗಂಗವ್ವನ ಮನಸ್ಸಿನ ಮೂಲೆಯಲ್ಲಿ ಒಂದು ಸಣ್ಣ ದೀಪ ಹತ್ತಿದಂತಾಯಿತು. ಸರಿಯಾದ ಪ್ರಶ್ನೆ. ಸರಿಯಾದ ಪ್ರಶ್ನೆ ಸಿಕ್ಕ ದಿನ ಆಕೆಗೆ ಊಟ ರುಚಿಸುತ್ತಿತ್ತು.

ಆಕೆ ಅಂಗಳಕ್ಕೆ ಹೋದಳು. ಬೇವಿನ ನೆರಳಲ್ಲಿ ಯಾಸ್ಮೀನಳ ಪಕ್ಕ ಕಟ್ಟೆಯ ಮೇಲೆ ಕೂತು, ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದಳು. ನೆಲದಲ್ಲಿ ಹುಗಿದವನು ನಿನ್ನ ಗಂಡನೇ ಎಂದೂ ಹೇಳಿದಳು.

ಯಾಸ್ಮೀನಳ ಮುಖದ ಬಣ್ಣವೇ ಹೋಯಿತು. ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

"ಅಗಿಸಿದ್ರ ನಿನ್ನ ಗಂಡನ ಮ್ಯಾಲೆ ಕೇಸು ಗಟ್ಟಿ ಆದರೂ ಆಗಬಹುದು," ಎಂದಳು ನೀಲಗಂಗವ್ವ. "ಅಗಸದಿದ್ರ ಇವತ್ತು ಅದರ ಮ್ಯಾಲೆ ಹಲಗಿ ಕುಂಡರತೈತಿ. ನೀ ನನ್ನ ಕರಕೊಂಡು ಬಂದಾಕಿ. ನಿನ್ನ ಕೇಳದ ನಾ ಮುಂದ ಹೋಗೂದಿಲ್ಲ."

"ಅಗಸ್ರಿ ಅವ್ವಾರ," ಎಂದಳು ಯಾಸ್ಮೀನ. ದನಿ ನಡುಗಿತು, ಮಾತು ನಡುಗಲಿಲ್ಲ. "ಅಂವ ಇಟ್ಟಿರಬಹುದು. ಕದ್ದಿಲ್ಲ. ಮಂದಿ ಮನಿ ಉಪ್ಪಿನ ಹಳ್ಳಾನೂ ಹೇಳದ ಮುಟ್ಟೂದಿಲ್ಲ ಅಂವ. ನನಗ ಗೊತ್ತೈತಿ."

"ಬಾ ಹಂಗಾರ ಒಳಗ. ಅಂಗಳದಾಗ ನಿಂತದ್ದು ಸಾಕು."

ಸಿದ್ದಲಿಂಗೇಶ ಮೊದಲು ಕೂಗಾಡಿದ. ನೆಲ ಕೆಡುತ್ತದೆ, ಭಾನುವಾರ ತಪ್ಪುತ್ತದೆ, ನೀವೇನು ಪೊಲೀಸರೇ, ರಿಟೈರ್ ಆದವರು ಮನೆಯಲ್ಲಿ ಜಪ ಮಾಡಿಕೊಂಡು ಇರಬಾರದೇ ಎಂದೆಲ್ಲ. ನೀಲಗಂಗವ್ವ ಎಲ್ಲ ಕೇಳಿಸಿಕೊಂಡು, "ನಿಮ್ಮ ಅಪ್ಪಾರ ಕರಡಿಗಿ ಇದರ ಕೆಳಗ ಐತಿ ಸಾವಕಾರ್ರ. ಬ್ಯಾಡೇನು?" ಎಂದಳು. ಅವನ ಬಾಯಿ ಟಪ್ಪನೆ ಮುಚ್ಚಿತು.

ಹನಮಪ್ಪ ಉಳಿ ಸುತ್ತಿಗೆ ತೆಗೆದುಕೊಂಡ. ಹಳೆಯ ಕಾಂಕ್ರೀಟಿಗೆ ಬಿದ್ದ ಏಟು ಠಣ್ ಎಂದಿತು. ಹಸಿ ತುಂಡಿಗೆ ಬಿದ್ದದ್ದು ಬೊದ್ ಎಂದಿತು. ಮುರುಮುರು ಉದುರುತ್ತ ತುಂಡು ಎದ್ದಿತು. ಶೈಲಾ ಒಂದು ಹಿತ್ತಾಳೆ ತಾಟು ತಂದು ಕೈಮೇಲೆ ಹಿಡಿದು ನಿಂತಳು, ಮೇಲೆ ಬಂದದ್ದು ನೆಲಕ್ಕೆ ತಾಗಬಾರದೆಂದು.

ಮೊದಲು ಪ್ಲಾಸ್ಟಿಕ್ ಚೀಲ. ಅದರೊಳಗೆ ಬಿಳಿ ವಸ್ತ್ರ. ವಸ್ತ್ರ ಬಿಡಿಸಿದಾಗ ಬಂಗಾರ ಮಿಣ್ಣಗೆ ಹೊಳೆಯಿತು.

"ಹೇಳಿರಲಿಲ್ಲೇನು ನಾ!" ಸಿದ್ದಲಿಂಗೇಶ ಯಾಸ್ಮೀನಳ ಕಡೆ ಬೆರಳು ಚಾಚಿದ. "ಮ್ಯಾಲೆ ಹಲಗಿ ಹಚ್ಚಿಬಿಟ್ರ ಯಾರಿಗೂ ಗೊತ್ತಾಗಂಗಿಲ್ಲ, ಆಮ್ಯಾಲೆ ಯಾವಾಗರೆ ಬಂದು ತಗೊಂಡು ಹೋಗೂದು ಅಂತ..."

"ಸ್ವಂತ ಕೈಲೆ ಹಚ್ಚಿದ ನೆಲ ಒಡದೇನು?" ಎಂದ ಹನಮಪ್ಪ ನಡುವೆ ಬಾಯಿ ಹಾಕಿ. "ಯಾವ ನಮೂನಿ ಕಳ್ಳರೀ ಅಂವ?"

"ತೆರೀರಿ ಸಾವಕಾರ್ರ," ಎಂದಳು ನೀಲಗಂಗವ್ವ. "ಒಳಗ ನೋಡ್ರಿ."

ಸಿದ್ದಲಿಂಗೇಶ ಕರಡಿಗೆಯ ಮುಚ್ಚಳ ತೆಗೆದ. ತೆಗೆದವನು ಹಾಗೇ ನಿಂತುಬಿಟ್ಟ.

ಒಳಗೆ ವಿಭೂತಿಯ ನಡುವೆ ಕಪ್ಪಗೆ ಒಂದು ಲಿಂಗ ಕೂತಿತ್ತು. ಅದರ ಒಂದು ಬದಿಗೆ ಚೂರು ಚಕ್ಕೆ ಹಾರಿದ ಗುರುತು.

"ಇದು..." ಸಿದ್ದಲಿಂಗೇಶ ಬೆರಳಿಂದ ಆ ಗುರುತು ಸವರಿದ. "ಇದು ನಮ್ಮಣ್ಣಂದು. ಈ ಚಕ್ಕಿ... ಸಣ್ಣಾಂವ ಇದ್ದಾಗ ನಾನ ಕೈಜಾರಿ ಕೆಡವಿದ್ದೆ. ಅಪ್ಪ ಹೊಡದಾನು ಅಂತ ಅಣ್ಣ ತಾ ಕೆಡವಿದೆ ಅಂದಿದ್ದ."

ಅವನ ಕಣ್ಣಿಂದ ನೀರು ದಳದಳ ಇಳಿಯಿತು. ಅಷ್ಟು ಹೊತ್ತು ಕೂಗಾಡಿದ ಮನುಷ್ಯ ಇವನೇನಾ ಎನ್ನಿಸುವಂತಿತ್ತು. ಶೈಲಾ ತಾಟನ್ನು ಹನಮಪ್ಪನ ಕೈಗೆ ಕೊಟ್ಟು ಲಿಂಗದ ಹತ್ತಿರ ಬಗ್ಗಿದಳು.

ನೀಲಗಂಗವ್ವ ಅವಸರ ಮಾಡಲಿಲ್ಲ. ಒಂದೊಂದೇ ಮಾತು ಇಟ್ಟಳು.

"ಮುತ್ತಣ್ಣ ಹೊಳಿಗೆ ಇಳಿದಾಗ ಇದು ಅವನ ಕೊರಳಾಗಿತ್ತು?"

"ಒಂದ ದಿನ ತಗದವರಲ್ರಿ," ಎಂದಳು ಶೈಲಾ.

"ಹೊಳ್ಯಾಗ ಹೋದದ್ದು ಈ ವಾರ ನಿಮ್ಮ ಪಡಸಾಲ್ಯಾಗ ಬಂದೈತಿ. ತಾನಾಗಿ ನಡಕೊಂತ ಬರೂದಿಲ್ಲ. ಯಾರೋ ತಂದಾರ. ದೇವರಕೋಣಿ ಕೀಲಿ ಎಲ್ಲಿರತೈತಿ, ಕರಡಿಗಿ ಯಾವ ಮಾಡದಾಗ ಐತಿ, ಎಲ್ಲಾ ಗೊತ್ತಿದ್ದವರು ತಂದಾರ. ಕೀಲಿ ಮುರದಿದ್ದಿಲ್ಲ ಅಲ್ಲ ಸಾವಕಾರ್ರ?"

ಸಿದ್ದಲಿಂಗೇಶ ಇಲ್ಲವೆಂದು ತಲೆಯಾಡಿಸಿದ.

ಶೈಲಾ ಗೋಡೆಗೆ ಆತು ಮೆಲ್ಲಗೆ ಕೆಳಗೆ ಕೂತಳು. ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ತಿಳಿಯದು. ಯಾಸ್ಮೀನ ಹೋಗಿ ಅವಳ ಪಕ್ಕ ಕೂತು ಬೆನ್ನ ಮೇಲೆ ಕೈಯಿಟ್ಟಳು. ಯಾರೂ ಅದನ್ನು ಬೇಡವೆನ್ನಲಿಲ್ಲ.

ನೀಲಗಂಗವ್ವ ಠಾಣೆಗೆ ಫೋನು ಹಚ್ಚಿದಳು. ಪಿಎಸ್‌ಐ ವಿದ್ಯಾಶ್ರೀ ಒಂದು ಕಾಲದಲ್ಲಿ ಆಕೆಯ ಕೈಕೆಳಗೆ ಕೆಲಸ ಕಲಿತ ಹುಡುಗಿ. ಸಿಕ್ಕಿದ್ದನ್ನೆಲ್ಲ ಚುಟುಕಾಗಿ ಹೇಳಿ, "ವಸೀಮನ ಕೈಯಾಗ ಕೊಡವಾ ಫೋನು, ಒಂದ ಮಾತು ಕೇಳತೇನಿ" ಎಂದಳು.

ಯಾಸ್ಮೀನ ಬಾಯಾರಿದವಳ ಹಾಗೆ ಆ ಫೋನನ್ನೇ ನೋಡುತ್ತಿದ್ದಳು. ಗಂಡನ ದನಿ ಕೇಳಿ ಮೂರು ದಿನವಾಗಿತ್ತು. ಕೇಳಿಕೊಳ್ಳಲಿ ಪಾಪ ಎಂದು ನೀಲಗಂಗವ್ವ ಸ್ಪೀಕರ್ ಒತ್ತಿದಳು.

"ವಸೀಮ, ಲಿಂಗ ಮ್ಯಾಲೆ ಬಂದೈತಿ."

ಆಚೆಯಿಂದ ದೀರ್ಘವಾದ ಉಸಿರು ಕೇಳಿಸಿತು.

"ಬಂತೇನ್ರಿ? ಹಂಗಾರ ನನ್ನ ಮಾತು ಮುಗೀತು," ಎಂದ ವಸೀಮ. "ಅದು ನೆಲದಾಗ ಇರೋತನ ಬಾಯಿ ಬಿಡೂದಿಲ್ಲಂತ ಆಣಿ ಹಾಕಿದ್ದೆ. ಇಟ್ಟಾಂವ ನಾನರಿ. ಕೊಟ್ಟವರು ಮುತ್ತಣ್ಣ ಸಾವಕಾರ್ರು. ಸೋಮವಾರ ಮಧ್ಯಾಹ್ನ ಬಂದ್ರು. ಗಡ್ಡ ಬಿಟ್ಟಾರ. ತಾವ ಹೋಗಿ ದೇವರಕೋಣಿ ತೆರದ್ರು. ಅಪ್ಪನ ಕರಡಿಗ್ಯಾಗ ತಮ್ಮ ಲಿಂಗ ಇಟ್ರು. 'ಮುತ್ತಣ್ಣ ಸತ್ತಾನ ಅಂತ ಮನಿ ನಂಬೈತಿ. ಸತ್ತವನ ಲಿಂಗ ಮಣ್ಣಾಗ ಇರಬೇಕು. ನಮ್ಮ ಮನ್ಯಾಗ ಇಡು, ಯಾರೂ ತುಳೀದ ಕಡೆ ಇಡು' ಅಂತ ಅತ್ರು. ದೊಡ್ಡ ಮನುಷ್ಯರು ಹಂಗ ಅತ್ರ ನಾ ಏನು ಮಾಡ್ಲಿರಿ?"

"ಅಲ್ಲಾ!" ಎಂದಳು ಯಾಸ್ಮೀನ. ಅವಳ ಮುಖ ಅರಳಿತು. "ಅವರ ಬಂದು ಒಂದ ಮಾತು ಹೇಳಿದ್ರ ಸಾಕು. ನೀ ಸಂಜಿಗೆ ಮನ್ಯಾಗ ಇರತಿ."

"ಎಲ್ಲೆದಾರ?" ಶೈಲಾ ಎದ್ದು ಬಂದು ಫೋನನ್ನು ಎರಡೂ ಕೈಯಿಂದ ಹಿಡಿದಳು. "ತಮ್ಮಾ, ಎಲ್ಲೆದಾರ ಅವರು?"

"ಶಿಗ್ಲಿ ಹಾದ್ಯಾಗ, ಮುಚ್ಚಿದ ಜಿನ್ನಿಂಗ್ ಮಿಲ್ಲಿನ ಹಿಂದ ಕಾವಲು ಖೋಲಿ ಐತಲ್ರಿ ಯವ್ವಾರ, ಅಲ್ಲೆದಾರ. ಇವತ್ತು ಇರತಾರ, ನಾಳೆ ಹೋಗತಾರಂತ. ಖರೆ ಒಂದ ಮಾತು." ವಸೀಮನ ದನಿ ತಗ್ಗಿತು. "ನೀವು ಹೆಣ್ಣ ಮಕ್ಕಳ ಹೋಗ್ರಿ. ಸಿದ್ದಲಿಂಗೇಶ ಸಾವಕಾರ್ರಿಗೆ ಗೊತ್ತಾಗಬಾರದು. ಹೊಳ್ಯಾಗ ಅವರು ತಾವಾಗಿ ಮುಳುಗಿಲ್ಲಂತ್ರಿ. ಹಿಂದಿನಿಂದ ಯಾರೋ ನೂಕಿದ್ರಂತ."

ನೀಲಗಂಗವ್ವ ಸರಕ್ಕನೆ ಹಿಂದೆ ತಿರುಗಿದಳು.

ಹನಮಪ್ಪ ಬಾಯಿ ತೆರೆದುಕೊಂಡು ಬಾಗಿಲ ಕಡೆ ನೋಡುತ್ತಿದ್ದ. ಪಡಸಾಲೆಯಲ್ಲಿ ಸಿದ್ದಲಿಂಗೇಶ ಇರಲಿಲ್ಲ. ಅಂಗಳದಲ್ಲಿ ಕಾರು ಗುರುಗುಟ್ಟಿ, ಗೇಟು ದಾಟಿ, ಶಿಗ್ಲಿಯ ರಸ್ತೆಗೆ ಹೊರಳಿತು.

ತಾಟಿನಲ್ಲಿ ಬಂಗಾರದ ಕರಡಿಗೆ ಬಾಯ್ದೆರೆದು ಬಿದ್ದಿತ್ತು. ಅದನ್ನು ಅವನು ಒಯ್ದಿರಲಿಲ್ಲ. ಅಣ್ಣನ ಲಿಂಗವನ್ನು ಮಾತ್ರ ಎತ್ತಿಕೊಂಡು ಹೋಗಿದ್ದ, ಅಣ್ಣನ ಕೊರಳಿಗೆ ಮರಳಿಸಲೋ, ಅಣ್ಣನ ಜೊತೆ ಮಣ್ಣು ಮಾಡಲೋ.